ವೆಲ್ಡಿಂಗ್ ಹೆಲ್ಮೆಟ್ಟು, ಮಾವನ ಕಣ್ಣು ಮತ್ತು ಒಂದಷ್ಟು ಲೆಕ್ಕಾಚಾರ

ಸಾಫ್ಟ್‌ವೇರ್ ಕಂಪನಿಯಲ್ಲಿ ಕೂತು ಕೀಬೋರ್ಡು ಕುಟ್ಟೋ ಪ್ರಾಣಿ ವೆಲ್ಡಿಂಗ್ ಹೆಲ್ಮೆಟ್ ಬಗ್ಗೆ ಬರೆಯೋಕೆ ಹೊರಟಿದ್ದಾನೆ ಅಂದ್ರೆ ನಿಮಗೆ ನಗು ಬರಬಹುದು. ನಕ್ಕುಬಿಡಿ, ಪರವಾಗಿಲ್ಲ :-) ಆದ್ರೆ ನಾನು ಓದಿದ್ದು ಮೆಕ್ಯಾನಿಕಲ್ ಇಂಜಿನಿಯರಿಂಗು ಸ್ವಾಮಿ. ಫಸ್ಟ್ ಇಯರ್ ವರ್ಕ್‌ಶಾಪಿನಲ್ಲಿ ಎರಡು ಕಬ್ಬಿಣದ ತುಂಡು ಸೇರಿಸಿ 'ಬಟ್ ಜಾಯಿಂಟ್' ಮಾಡಿ ಮಾರ್ಕ್ಸ್ ತಗೊಂಡವನು. ಆ ಜಾಯಿಂಟಿನ ಗಟ್ಟಿತನದ ಬಗ್ಗೆ ಇಲ್ಲಿ ಚರ್ಚೆ ಬೇಡ.

ವಿಷಯ ಏನಪ್ಪಾ ಅಂದ್ರೆ, ಕೆಲವು ತಿಂಗಳ ಹಿಂದೆ ನಮ್ಮ ಮಾವನ ಅಂಗಡಿಗೆ ಒಂದು 'ಆಟೋ ಡಾರ್ಕನಿಂಗ್' ಹೆಲ್ಮೆಟ್ ಕೊಡಿಸೋ ಕೆಲಸ ನನ್ನ ತಲೆಗೆ ಬಂತು. ಆರ್ಕ್ ಹತ್ತಿದ ತಕ್ಷಣ ತಾನೇ ಕಪ್ಪಾಗಿ, ಆರಿದ ಮೇಲೆ ತಾನೇ ತಿಳಿಯಾಗೋ ಹೆಲ್ಮೆಟ್ಟು. ಮೊಬೈಲು ಕೊಂಡಂಗೆ ಎರಡು ರಿವ್ಯೂ ಓದಿ ಆರ್ಡರ್ ಹಾಕಿಬಿಡಬಹುದು ಅನ್ನಿಸೋ ವಸ್ತು. ಒಳಗೆ ಇಳಿದ ಮೇಲೆ ಮೂರು ವಾರ ಹಿಡೀತು. ಆ ಮೂರು ವಾರದಲ್ಲಿ ತಿಳಿದುಕೊಂಡಿದ್ದನ್ನ ಬರೆದಿಟ್ಟರೆ ಯಾರಿಗಾದ್ರೂ ಉಪಯೋಗಕ್ಕೆ ಬಂದೀತು ಅಂತ ಈ ಕೊರೆತ. ಸ್ವಲ್ಪ ಉದ್ದ ಇದೆ, ಕಾಫಿ ತಗೊಂಡು ಕೂತ್ಕೊಳ್ಳಿ.

*

ಮಾವನ ಅಂಗಡಿ ಇರೋದು ತಿಪಟೂರಿನಲ್ಲಿ, ಬಿ.ಹೆಚ್. ರಸ್ತೆಯಿಂದ ಸ್ವಲ್ಪ ಒಳಗೆ. ಗೇಟು, ಕಿಟಕಿ ಗ್ರಿಲ್ಲು, ಮೆಟ್ಟಿಲಿನ ರೇಲಿಂಗು, ಆಗಾಗ ಟ್ರ್ಯಾಕ್ಟರ್ ಟ್ರೈಲರಿನ ರಿಪೇರಿ. ಇಪ್ಪತ್ತೈದು ವರ್ಷದಿಂದ ಮಾವ ಇದೇ ಕೆಲಸ ಮಾಡ್ತಿದ್ದಾರೆ. ಅವರ ಹತ್ತಿರ ಇರೋದು ಕೈಯಲ್ಲಿ ಹಿಡಿಯೋ ಕಪ್ಪು ಶೀಲ್ಡು. ಒಂದು ಕೈಯಲ್ಲಿ ಶೀಲ್ಡು, ಇನ್ನೊಂದು ಕೈಯಲ್ಲಿ ರಾಡ್ ಸಿಕ್ಕಿಸಿದ ಹೋಲ್ಡರು.

ಈಗ ನೀವೇ ಯೋಚನೆ ಮಾಡಿ. ಗ್ರಿಲ್ಲಿನ ಒಂದು ಪಟ್ಟಿಯನ್ನ ಸರಿಯಾಗಿ ಕೂರಿಸಿ ಮೊದಲು ಒಂದು ಚುಕ್ಕೆ 'ಟ್ಯಾಕ್' ಹಾಕಬೇಕು. ಪಟ್ಟಿ ಹಿಡ್ಕೊಳ್ಳೋಕೆ ಒಂದು ಕೈ, ಹೋಲ್ಡರಿಗೆ ಒಂದು ಕೈ. ಶೀಲ್ಡಿಗೆ ಮೂರನೇ ಕೈ ಎಲ್ಲಿಂದ ತರೋದು? ಅದಕ್ಕೇ ನಮ್ಮ ಕಡೆ ವೆಲ್ಡಿಂಗ್ ಮಾಡೋರೆಲ್ಲ ಏನು ಮಾಡ್ತಾರೆ ಅಂದ್ರೆ, ರಾಡಿನ ತುದಿಯನ್ನ ಜಾಗಕ್ಕೆ ತಂದು, ಕಣ್ಣು ಮುಚ್ಚಿ, ಮುಖ ಪಕ್ಕಕ್ಕೆ ತಿರುಗಿಸಿ, 'ಚಟ್' ಅಂತ ತಾಗಿಸ್ತಾರೆ. ಉದ್ದಕ್ಕೆ ವೆಲ್ಡ್ ಎಳೆಯೋವಾಗ ಶೀಲ್ಡು ಇದ್ದೇ ಇರುತ್ತೆ. ಕಣ್ಣು ಹಾಳಾಗೋದು ಈ ಚಟ್ ಚಟ್‌ನಲ್ಲಿ. ಒಂದು ದೊಡ್ಡ ಗೇಟಿಗೆ ಇಂಥ ಟ್ಯಾಕು ನೂರು ದಾಟುತ್ತೆ.

ಇದರ ಫಲ ರಾತ್ರಿ ಗೊತ್ತಾಗುತ್ತೆ. ಆರ್ಕಿನಿಂದ ಹೊರಡೋ ಅತಿನೇರಳೆ ಕಿರಣ ಕಣ್ಣಿನ ಮೇಲ್ಪದರವನ್ನ, ಅಂದ್ರೆ ಕಾರ್ನಿಯಾವನ್ನ ಸುಡುತ್ತೆ. ಬಿಸಿಲಲ್ಲಿ ಚರ್ಮ ಸುಟ್ಟಂಗೆ. ಮಜಾ ಅಂದ್ರೆ ಸುಡೋವಾಗ ಏನೂ ಗೊತ್ತಾಗಲ್ಲ. ಆರರಿಂದ ಹನ್ನೆರಡು ಗಂಟೆ ಆದ ಮೇಲೆ ಶುರು. ಕಣ್ಣಿಗೆ ಯಾರೋ ಮರಳು ಸುರಿದು ಉಜ್ಜಿದಂಗೆ ಉರಿ, ನೀರು ಸುರಿಯುತ್ತೆ, ಬೆಳಕು ನೋಡೋಕಾಗಲ್ಲ. ಡಾಕ್ಟರ ಭಾಷೆಯಲ್ಲಿ ಇದು ಫೋಟೋಕೆರಟೈಟಿಸ್. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ವಾಸಿ ಆಗುತ್ತೆ, ಅದಕ್ಕೇ ಯಾರೂ ಇದನ್ನ ಕಾಯಿಲೆ ಅಂತ ಲೆಕ್ಕಕ್ಕೇ ಇಡಲ್ಲ.

ನಾನು ಚಿಕ್ಕವನಿದ್ದಾಗ ಬೇಸಿಗೆ ರಜೆಗೆ ಅಜ್ಜಿ ಮನೆಗೆ ಹೋದ್ರೆ, ಮಾವ ಕಣ್ಣಿನ ಮೇಲೆ ಆಲೂಗಡ್ಡೆ ಬಿಲ್ಲೆ ಇಟ್ಕೊಂಡು ನಡುಮನೆಯಲ್ಲಿ ಮಲಗಿರೋದನ್ನ ನೋಡ್ತಿದ್ದೆ. ನಮಗೆ ಮಕ್ಕಳಿಗೆ ಅದು ತಮಾಷೆ. "ಮಾವನ ಕಣ್ಣು ಆಲೂಗಡ್ಡೆ ಆಗಿದೆ" ಅಂತ ನಗ್ತಿದ್ವಿ. ಅಜ್ಜಿ ಬೈಯೋರು. ಆಲೂಗಡ್ಡೆಯಿಂದ ಆಗೋದು ತಂಪು ಅಷ್ಟೇ, ಸುಟ್ಟ ಕಾರ್ನಿಯಾಗೆ ಅದು ಔಷಧಿ ಅಲ್ಲ. ಇನ್ನೂ ಅಪಾಯದ್ದು ಅಂದ್ರೆ ಮರಗಟ್ಟಿಸೋ ಡ್ರಾಪ್ಸ್ ಎಲ್ಲಿಂದಲೋ ತಂದು ಪದೇ ಪದೇ ಹಾಕ್ಕೊಳ್ಳೋದು. ನೋವು ಗೊತ್ತಾಗಲ್ಲ, ಗಾಯ ಮಾತ್ರ ಮಾಯೋದು ನಿಧಾನ ಆಗುತ್ತೆ. ಉರಿ ಬಂದ್ರೆ ಕಣ್ಣಿನ ಡಾಕ್ಟರ ಹತ್ತಿರ ಹೋಗೋದೇ ಸರಿ.

ಇದು ದಿನದ ಕಥೆ. ವರ್ಷಗಳ ಕಥೆ ಬೇರೆ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2017ರಲ್ಲಿ ವೆಲ್ಡಿಂಗಿನ ಅತಿನೇರಳೆ ಕಿರಣಗಳನ್ನೂ, ವೆಲ್ಡಿಂಗ್ ಹೊಗೆಯನ್ನೂ ಮನುಷ್ಯರಲ್ಲಿ ಕ್ಯಾನ್ಸರ್ ತರೋ ವಸ್ತುಗಳ ಮೊದಲನೇ ಪಟ್ಟಿಗೆ ಸೇರಿಸಿತು. ಕಿರಣದಿಂದ ಕಣ್ಣಿನ ಮೆಲನೋಮ, ಹೊಗೆಯಿಂದ ಶ್ವಾಸಕೋಶದ್ದು. ಹೆದರಿಸೋಕೆ ಹೇಳ್ತಿಲ್ಲ. ಆಲೂಗಡ್ಡೆ ಬಿಲ್ಲೆಗೆ ಮುಗಿಯೋ ವಿಷಯ ಅಲ್ಲ ಅಂತ ಹೇಳ್ತಿದ್ದೀನಿ ಅಷ್ಟೇ.

*

ಮಾವ ಫೋನ್ ಮಾಡಿದ್ದು ತಮಗೋಸ್ಕರ ಅಲ್ಲ. ಅಂಗಡಿಗೆ ಹೊಸದಾಗಿ ಸೇರಿದ ಹೆಲ್ಪರ್ ಹುಡುಗ, ಹತ್ತೊಂಬತ್ತು ವರ್ಷ, ಎರಡು ದಿನ ಕೆಲಸಕ್ಕೆ ಬಂದಿರಲಿಲ್ಲ. ರೂಮಿಗೆ ಹೋಗಿ ನೋಡಿದ್ರೆ ಕತ್ತಲೆ ಮಾಡ್ಕೊಂಡು ಮುಖಕ್ಕೆ ಒದ್ದೆ ಟವಲ್ ಹಾಕ್ಕೊಂಡು ಮಲಗಿದ್ದನಂತೆ. ಅವನ ಕೆಲಸ ಏನು ಅಂದ್ರೆ ಆಂಗಲ್ಲು, ಪೈಪು ಹಿಡ್ಕೊಳ್ಳೋದು. ಹಿಡಿಯೋನಿಗೆ ಶೀಲ್ಡ್ ಯಾರು ಕೊಡ್ತಾರೆ?

"ಅಳಿಯಾ, ಅದೇನೋ ಆಟೋಮೆಟಿಕ್ ಹೆಲ್ಮೆಟ್ ಬಂದಿದ್ಯಂತಲ್ಲ, ಒಂದು ಗಟ್ಟಿಮುಟ್ಟಾಗಿರೋದು ನೋಡು. ಹನ್ನೆರಡು ಸಾವಿರದ ತನಕ ಹಾಕ್ತೀನಿ. ಪದೇ ಪದೇ ತಗೊಳ್ಳಂಗಿರಬಾರದು ನೋಡಪ್ಪ" ಅಂದ್ರು.

'ಗಟ್ಟಿಮುಟ್ಟು' ಅನ್ನೋ ಆ ಒಂದು ಮಾತನ್ನ ಹಿಡ್ಕೊಂಡು ನಾನು ಹುಡುಕೋಕೆ ಶುರು ಮಾಡಿದೆ.

*

ಮೊದಲು ಈ ಗಾಜು ಹೆಂಗೆ ಕೆಲಸ ಮಾಡುತ್ತೆ ನೋಡೋಣ. ಸ್ವೀಡನ್ನಿನ ಹೊರ್ನೆಲ್ ಅನ್ನೋ ಕಂಪನಿ 1981ರಲ್ಲಿ 'ಸ್ಪೀಡ್‌ಗ್ಲಾಸ್' ಅನ್ನೋ ಹೆಸರಲ್ಲಿ ಇಂಥ ಹೆಲ್ಮೆಟ್ಟನ್ನ ಮಾರುಕಟ್ಟೆಗೆ ತಂತು. (2004ರಲ್ಲಿ ಆ ಕಂಪನಿಯನ್ನ 3ಎಂ ಕೊಂಡ್ಕೊಂಡಿತು.) ಒಳಗಿರೋದು ನಿಮ್ಮ ಕ್ಯಾಲ್ಕುಲೇಟರಿನ ಸ್ಕ್ರೀನಿನಲ್ಲಿರೋ ಜಾತಿಯ ಎಲ್‌ಸಿಡಿನೇ. ಎರಡು ಪೋಲರಾಯಿಡ್ ಹಾಳೆಗಳ ಮಧ್ಯೆ ದ್ರವ ಸ್ಫಟಿಕ. ಮುಂದಿರೋ ಸೆನ್ಸರಿಗೆ ಆರ್ಕಿನ ಬೆಳಕು ಬಿದ್ದ ತಕ್ಷಣ ಕರೆಂಟು ಹರಿದು ಸ್ಫಟಿಕಗಳು ತಿರುಗಿ ಬೆಳಕನ್ನ ತಡೀತಾವೆ. ಗಾಜು ಕಪ್ಪು. ಆರ್ಕ್ ನಿಂತ ಮೇಲೆ ಮತ್ತೆ ತಿಳಿ. ತಲೆ ಮೇಲಿನ ಹೆಲ್ಮೆಟ್ಟನ್ನ ಎತ್ತೋದು ಇಳಿಸೋದು ಇಲ್ಲ, ಕೈಯಲ್ಲಿ ಹಿಡಿಯೋದೂ ಇಲ್ಲ. ಮೂರನೇ ಕೈ ಸಿಕ್ಕಂಗಾಯ್ತು!

ಕಪ್ಪು ಎಷ್ಟು ಅನ್ನೋದಕ್ಕೆ 'ಶೇಡ್ ನಂಬರ್' ಅಂತ ಇದೆ. ಇದರ ಹಿಂದೆ ಒಂದು ಲಾಗರಿದಮ್ ಸೂತ್ರ ಇದೆ, ಅದನ್ನ ಬಿಡಿಸಿ ಹೇಳಿದ್ರೆ ನೀವು ಪೇಜ್ ಮುಚ್ಚಿ ಓಡ್ತೀರ. ಉತ್ತರ ಮಾತ್ರ ಹೇಳ್ತೀನಿ. 3ನೇ ನಂಬರಿನ ಗಾಜು ಬಂದ ಬೆಳಕಿನಲ್ಲಿ ಸುಮಾರು ಏಳರಲ್ಲಿ ಒಂದು ಭಾಗ ಒಳಗೆ ಬಿಡುತ್ತೆ. 10ನೇ ನಂಬರಿನದ್ದು ಸುಮಾರು ಏಳು ಸಾವಿರದ ಇನ್ನೂರರಲ್ಲಿ ಒಂದು ಭಾಗ. ಒಂದು ನಂಬರ್ ಮೇಲೆ ಹೋದಂಗೆಲ್ಲ ಬೆಳಕು ಹೆಚ್ಚುಕಮ್ಮಿ 2.7 ಪಟ್ಟು ಕಮ್ಮಿ ಆಗ್ತಾ ಹೋಗುತ್ತೆ.

ಮಾವನ ಅಂಗಡಿಯಲ್ಲಿ ಓಡೋದು 12 ಗೇಜ್ ಮತ್ತು 10 ಗೇಜ್ ರಾಡು. ಅಂದ್ರೆ 2.5 ಮತ್ತು 3.15 ಮಿಲಿಮೀಟರ್. 60ರಿಂದ 160 ಆಂಪಿಯರ್ ಒಳಗಿನ ಇಂಥ ರಾಡ್ ವೆಲ್ಡಿಂಗಿಗೆ ಅಮೆರಿಕದ ವೆಲ್ಡಿಂಗ್ ಸುರಕ್ಷತಾ ಮಾನದಂಡ ಹೇಳೋ ಶೇಡು 10, ಏನೇ ಆದ್ರೂ 8ಕ್ಕಿಂತ ಕೆಳಗೆ ಬೇಡ. 160 ದಾಟಿ 250ರ ತನಕ ಹೋದ್ರೆ 12. ಪೆಟ್ಟಿಗೆ ಮೇಲೆ '4/9-13' ಅಂತ ಇದ್ರೆ, ಸುಮ್ಮನಿರುವಾಗ 4, ಕಪ್ಪಾದಾಗ 9ರಿಂದ 13ರ ಮಧ್ಯೆ ನಮಗೆ ಬೇಕಾದಷ್ಟು ತಿರುಗಿಸ್ಕೊಬಹುದು ಅಂತ ಅರ್ಥ. ಗೇಟು ಗ್ರಿಲ್ಲಿಗೆ ಇದು ಧಾರಾಳ ಸಾಕು.

ಆಮೇಲೆ ಎಲ್ಲ ಜಾಹೀರಾತಿನಲ್ಲೂ ದಪ್ಪಕ್ಷರದಲ್ಲಿ ಇರೋದು ವೇಗ. 'ಸೆಕೆಂಡಿನ 25,000ನೇ ಒಂದು ಭಾಗದಲ್ಲಿ ಕಪ್ಪಾಗುತ್ತೆ!' ಪಕ್ಕದಲ್ಲಿರೋದು 10,000ನೇ ಒಂದು ಭಾಗ ಅಂತ ಹೇಳಿದ್ರೆ ಅದು ಕಳಪೆ ಅನ್ನಿಸುತ್ತೆ. ಸರಿ, ಲೆಕ್ಕ ಹಾಕೋಣ. ದಿನಕ್ಕೆ ಇನ್ನೂರು ಟ್ಯಾಕ್ ಅಂತಿಟ್ಕೊಳ್ಳಿ. ಪ್ರತಿ ಸಲ ಗಾಜು ಕಪ್ಪಾಗೋ ಮುಂಚೆ ಕಣ್ಣಿಗೆ ಬೀಳೋ ಬೆಳಕಿನ ಹೊತ್ತನ್ನ ಕೂಡಿದ್ರೆ, ನಿಧಾನದ್ದರಲ್ಲಿ ಇಡೀ ದಿನಕ್ಕೆ ಸೆಕೆಂಡಿನ ಐವತ್ತನೇ ಒಂದು ಭಾಗ. ಒಂದು ಸಲ ರೆಪ್ಪೆ ಬಡಿಯೋಕೇ ಅದಕ್ಕಿಂತ ಜಾಸ್ತಿ ಹೊತ್ತು ಬೇಕು! ಅಂದ್ರೆ ಈ ವೇಗದ ಪೈಪೋಟಿ ನಮ್ಮ ಮೊಬೈಲ್ ಕ್ಯಾಮೆರಾದ ಮೆಗಾಪಿಕ್ಸೆಲ್ ಥರ. ಒಂದು ಮಟ್ಟದ ಮೇಲೆ ಬರೀ ನಂಬರು.

ಹಂಗಾದ್ರೆ ದುಡ್ಡು ಕೊಡಬೇಕಾದ್ದು ಯಾವುದಕ್ಕೆ?

ನನಗೆ ಇಡೀ ಹುಡುಕಾಟದಲ್ಲಿ ಸಿಕ್ಕ ಮುಖ್ಯ ವಿಷಯ ಇದು. ಒಳ್ಳೇ ಹೆಲ್ಮೆಟ್ಟಿನಲ್ಲಿ ಎಲ್‌ಸಿಡಿಯ ಮುಂದೆ ಇನ್ನೊಂದು ಫಿಲ್ಟರ್ ಗಾಜು ಇರುತ್ತೆ. ಅತಿನೇರಳೆ ಮತ್ತು ಅವಗೆಂಪು ಕಿರಣಗಳನ್ನ ತಡೆಯೋದು ಅದು. ಅದಕ್ಕೆ ಸ್ವಿಚ್ಚಿಲ್ಲ, ಬ್ಯಾಟರಿ ಬೇಕಿಲ್ಲ. ಗಾಜು ತಿಳಿಯಾಗಿದ್ರೂ ಕಪ್ಪಾಗಿದ್ರೂ, ಸೆಲ್ಲು ಸತ್ತಿದ್ರೂ, ಯಾವಾಗಲೂ ತಡೀತಿರುತ್ತೆ. ರಾತ್ರಿ ಕಣ್ಣಿಗೆ ಮರಳು ಸುರಿಯದಂಗೆ ಕಾಯೋದು ಇದೇ. ಎಲ್‌ಸಿಡಿ ಕಪ್ಪಾಗೋದು ಪ್ರಖರ ಬೆಳಕು ತಡೆದು ಕೆಲಸ ಕಾಣೋಕೆ.

ತೊಂದರೆ ಏನಂದ್ರೆ, ಆ ಫಿಲ್ಟರ್ ಇದೆಯೋ ಇಲ್ವೋ ಅಂತ ಕಣ್ಣಿಂದ ನೋಡಿ ಹೇಳೋಕಾಗಲ್ಲ. ಹೆಸರು ದಿಕ್ಕಿಲ್ಲದ ಹೆಲ್ಮೆಟ್ಟೂ 'ಟಕ್' ಅಂತ ಕಪ್ಪಾಗುತ್ತೆ, ಅಂಗಡಿಯವನು ಲೈಟರ್ ಹಚ್ಚಿ ತೋರಿಸ್ತಾನೆ, ನಾವು ಭೇಷ್ ಅಂತೀವಿ. ಕಾಣೋ ಕತ್ತಲನ್ನ ಪರೀಕ್ಷೆ ಮಾಡಬಹುದು, ಕಾಣದ ಕಿರಣವನ್ನ ಮನೆಯಲ್ಲಿ ಪರೀಕ್ಷೆ ಮಾಡೋಕೆ ಆಗಲ್ಲ. ಅಲ್ಲಿ ನಂಬಬೇಕಾಗಿರೋದು ಸರ್ಟಿಫಿಕೇಟನ್ನ ಮಾತ್ರ.

ಹಾಗಾಗಿ ನೋಡಬೇಕಾದ ಮೊದಲನೇ ವಿಷಯ: ಮಾನದಂಡದ ಗುರುತು ಗಾಜಿನ ಕ್ಯಾಸೆಟ್ಟಿನ ಮೇಲೇ ಅಚ್ಚಾಗಿರಬೇಕು. ಬರೀ ರಟ್ಟಿನ ಪೆಟ್ಟಿಗೆ ಮೇಲಿದ್ರೆ ಸಾಲದು. ಯುರೋಪಿನದ್ದಾದ್ರೆ 'ಇಎನ್ 379', ಅದರ ಜಾಗಕ್ಕೆ ಬಂದಿರೋ ಹೊಸದು 'ಐಎಸ್‌ಒ 16321', ಅಮೆರಿಕದ್ದಾದ್ರೆ 'ಜೆಡ್ 87.1'. ಜೊತೆಗೆ ತಯಾರಕರ ಹೆಸರು ಅಥವಾ ಗುರುತು. ಈ ಇಎನ್ 379ರ ಪಕ್ಕ '1/1/1/2' ಥರ ನಾಲ್ಕು ಅಂಕಿ ಇರುತ್ತೆ. ಕ್ರಮವಾಗಿ ಚಿತ್ರ ಎಷ್ಟು ನೇರವಾಗಿ ಕಾಣುತ್ತೆ, ಎಷ್ಟು ಮಬ್ಬಿದೆ, ಕಪ್ಪು ಎಲ್ಲ ಕಡೆ ಸಮ ಇದೆಯಾ, ಓರೆಯಾಗಿ ನೋಡಿದ್ರೂ ಸಮ ಇರುತ್ತಾ ಅಂತ. 1 ಒಳ್ಳೇದು, 3 ಕಮ್ಮಿ. ಬಗ್ಗಿ, ಓರೆಯಾಗಿ, ಗೇಟಿನ ಕೆಳಗೆ ತೂರಿ ಕೆಲಸ ಮಾಡೋರಿಗೆ ಕೊನೆಯ ಅಂಕಿ ಮುಖ್ಯ.

*

ಇನ್ನು ಮಾವನ 'ಗಟ್ಟಿಮುಟ್ಟು'.

ಹೆಲ್ಮೆಟ್ಟಿನಲ್ಲಿ ಮೊದಲು ಸಾಯೋದು ಯಾವುದು? ನಾನು ಬೆಂಗಳೂರಿನ ಎಸ್.ಪಿ. ರೋಡ್ ಆಸುಪಾಸಿನ ಗಲ್ಲಿಗಳಲ್ಲಿ ನಾಲ್ಕೈದು ವೆಲ್ಡಿಂಗ್ ಸಾಮಾನಿನ ಅಂಗಡಿಗೆ ಹೋಗಿ ಇದೇ ಪ್ರಶ್ನೆ ಕೇಳಿದೆ. ಬೆಲೆ ಕೇಳದೆ ಸಾವಿನ ವಿಚಾರ ಕೇಳೋ ಗಿರಾಕಿಯನ್ನ ಅವರು ವಿಚಿತ್ರವಾಗಿ ನೋಡಿದ್ರು. ಆದ್ರೂ ಒಬ್ಬರು ಹಿರಿಯರು ಸ್ಟೂಲ್ ಕೊಟ್ಟು ಕೂರಿಸಿ ಹೇಳಿದ್ರು. ಅವರು ಹೇಳಿದ್ದು, ನಾನು ಓದಿದ್ದು ಸೇರಿಸಿ ಪಟ್ಟಿ ಮಾಡ್ತೀನಿ.

ಒಂದು, ಮುಂದಿನ ರಕ್ಷಣಾ ಹಾಳೆ. ಕ್ಯಾಸೆಟ್ಟಿನ ಮುಂದೆ ಇರೋ ಪಾರದರ್ಶಕ ಪಾಲಿಕಾರ್ಬೊನೇಟ್ ತುಂಡು. ಸಿಡಿಯೋ ಕಿಡಿಯೆಲ್ಲ ಬೀಳೋದು ಇದರ ಮೇಲೆ. ಇದು ಸಾಯೋಕೇ ಹುಟ್ಟಿರೋದು, ಬದಲಾಯಿಸ್ತಾ ಇರಬೇಕು. ಇದು ಸಿಗದಿದ್ರೆ ಎಷ್ಟೇ ದುಬಾರಿ ಹೆಲ್ಮೆಟ್ಟೂ ವರ್ಷ ತುಂಬೋದರೊಳಗೆ ಗೋಡೆಗೆ. ಕೊಳ್ಳೋ ಮುಂಚೆನೇ ಇದರ ಅಳತೆ ಕೇಳಿ, ಬಿಡಿಯಾಗಿ ಸಿಗುತ್ತಾ ಕೇಳಿ, ಹತ್ತು ಒಟ್ಟಿಗೆ ತಗೊಳ್ಳಿ. ಒರೆಸೋಕೆ ಥಿನ್ನರ್, ಪೆಟ್ರೋಲ್ ಮುಟ್ಟಿಸಬೇಡಿ, ಪಾಲಿಕಾರ್ಬೊನೇಟ್ ಬಿರುಕು ಬಿಡುತ್ತೆ. ಸೋಪಿನ ನೀರು, ಮೆತ್ತನೆ ಬಟ್ಟೆ ಸಾಕು.

ಎರಡು, ತಲೆಪಟ್ಟಿ. ಹಿಂದೆ ತಿರುಗಿಸಿ ಬಿಗಿ ಮಾಡೋ ಗುಂಡಿ ಇರುತ್ತಲ್ಲ, ಅದರ ಹಲ್ಲು ಸವೆಯುತ್ತೆ. ಬೆವರಿಗೆ ಹಣೆಪಟ್ಟಿ ಕೊಳೆಯುತ್ತೆ. ಎರಡೂ ಬಿಡಿಯಾಗಿ ಸಿಗಬೇಕು.

ಮೂರು, ಬ್ಯಾಟರಿ. 'ಸೋಲಾರ್' ಅಂತ ಬರೆದಿದ್ರೂ ಬಹಳಷ್ಟರಲ್ಲಿ ಒಳಗೊಂದು ಲಿಥಿಯಂ ಸೆಲ್ ಇರುತ್ತೆ. ಕೆಲವದ್ದರಲ್ಲಿ ಅದನ್ನ ಒಳಗೇ ಇಟ್ಟು ಮುಚ್ಚಿಬಿಟ್ಟಿರ್ತಾರೆ, ಸೆಲ್ಲು ಮುಗಿದ್ರೆ ಹೆಲ್ಮೆಟ್ಟೇ ಮುಗೀತು. ಇನ್ನು ಕೆಲವದ್ದರಲ್ಲಿ ಸಣ್ಣ ಮುಚ್ಚಳ ತೆಗೆದು ಸಿಆರ್ 2032 ಅಥವಾ ಸಿಆರ್ 2450 ಗುಂಡಿ ಸೆಲ್ ಹಾಕ್ಕೊಬಹುದು. ಎರಡನೇದನ್ನೇ ತಗೊಳ್ಳಿ. ಸೆಲ್ಲು ಸತ್ತಾಗ ಬಹುಪಾಲು ಹೆಲ್ಮೆಟ್ಟುಗಳು ತಿಳಿಯಾಗೇ ಉಳೀತಾವೆ, ಕಪ್ಪಾಗಲ್ಲ. ಅದಕ್ಕೆ ಬೆಳಿಗ್ಗೆ ಕೆಲಸ ಶುರು ಮಾಡೋ ಮುಂಚೆ ಟೆಸ್ಟ್ ಬಟನ್ ಒತ್ತಬೇಕು. ಬಟನ್ ಇಲ್ಲದಿದ್ರೆ ಕೈಯಲ್ಲೇ ಹಿಡ್ಕೊಂಡು ಸೆನ್ಸರನ್ನ ಬಿಸಿಲ ಕಡೆ ತಿರುಗಿಸಿ ಗಾಜು ಕಪ್ಪಾಗುತ್ತಾ ನೋಡಿ. ತಲೆಗೆ ಹಾಕ್ಕೊಂಡು ಸೂರ್ಯನನ್ನ ನೋಡೋ ಸಾಹಸ ಬೇಡ.

ನಾಲ್ಕು, ಸೆನ್ಸರ್. ಎರಡಿರೋದು, ನಾಲ್ಕಿರೋದು ಅಂತ ಬರುತ್ತೆ. ಗ್ರಿಲ್ಲಿನ ಒಳಗೆ ಕೈ ತೂರಿಸಿ ವೆಲ್ಡ್ ಮಾಡೋವಾಗ ಒಂದು ಪಟ್ಟಿ ಅಡ್ಡ ಬಂದು ಸೆನ್ಸರ್ ಮರೆಯಾದ್ರೆ ಗಾಜು ಕಪ್ಪಾಗಲ್ಲ. ನಾಲ್ಕಿದ್ರೆ ಒಂದಲ್ಲ ಒಂದಕ್ಕೆ ಬೆಳಕು ತಗಲುತ್ತೆ. ಗ್ರೈಂಡಿಂಗ್ ಧೂಳು ಕೂತ್ರೂ ಇದೇ ಗತಿ, ಒರೆಸ್ತಾ ಇರಬೇಕು.

ಐದು, ಬೀಳೋದು. ಹೊರಗಿನ ಚಿಪ್ಪು ನೈಲಾನಿನದ್ದು, ಅಷ್ಟು ಬೇಗ ಒಡೆಯಲ್ಲ. ಒಳಗಿನ ಕ್ಯಾಸೆಟ್ಟು ಗಾಜು, ಅದು ಬಿರುಕು ಬಿಟ್ರೆ ಮುಗೀತು. ನೆಲದ ಮೇಲಿಡದೆ ಗೋಡೆಗೊಂದು ಮೊಳೆ ಹೊಡೆದು ನೇತುಹಾಕೋದು ಯಾವ ಗ್ಯಾರಂಟಿ ಕಾರ್ಡಿಗಿಂತಲೂ ಒಳ್ಳೇದು.

ಗಟ್ಟಿ ಅಂದ್ರೆ ಏನು ಅಂತ ನನಗೆ ಅರ್ಥ ಆಗಿದ್ದು ಇಲ್ಲೇ. ವೆಲ್ಡಿಂಗ್ ಅಂಗಡಿಯ ಕಿಡಿ, ಧೂಳು, ಬೆವರಿನ ಮಧ್ಯೆ ಏನೂ ಆಗದೆ ಉಳಿಯೋ ವಸ್ತು ಯಾವುದೂ ಇಲ್ಲ. ಸವೆದ ಭಾಗವನ್ನ ತಿಪಟೂರಿನಲ್ಲೇ ಕೂತು, ಸ್ಕ್ರೂಡ್ರೈವರ್ ಕೂಡ ಇಲ್ಲದೆ, ಐದು ನಿಮಿಷದಲ್ಲಿ ಬದಲಾಯಿಸೋಕೆ ಆದ್ರೆ ಅದೇ ಗಟ್ಟಿ.

*

ಈಗ ಬಂತು ನೋಡಿ ನಿಜವಾದ ಕಷ್ಟ.

ನಾನು ನೋಡಿದ ಬೆಲೆಗಳಲ್ಲಿ ಮೂರು ಅಂತಸ್ತು. ಸಾವಿರ-ಎರಡು ಸಾವಿರದ್ದು ಒಂದು ಗುಂಪು, ಇದರಲ್ಲಿ ಬಹಳಷ್ಟಕ್ಕೆ ಕ್ಯಾಸೆಟ್ಟಿನ ಮೇಲೆ ಗುರುತೇ ಇರಲಿಲ್ಲ. ನಾಲ್ಕೈದು ಸಾವಿರದ ಆಸುಪಾಸು ಇನ್ನೊಂದು: ಗುರುತಿದೆ, ನಾಲ್ಕು ಸೆನ್ಸರ್, ಬದಲಾಯಿಸೋ ಸೆಲ್. ಅದರ ಮೇಲೆ ಹತ್ತು ಸಾವಿರ ದಾಟಿದ್ದು: ದೊಡ್ಡ ಕಿಟಕಿ, ಹಗುರ, ಬಣ್ಣ ಸಹಜವಾಗಿ ಕಾಣುತ್ತೆ, ಹಾಕ್ಕೊಂಡ್ರೆ ತೆಗೆಯೋಕೇ ಮನಸ್ಸು ಬರಲ್ಲ.

ಮಾವನ ಹನ್ನೆರಡು ಸಾವಿರಕ್ಕೆ ಮೇಲಿನದ್ದು ಒಂದು ಬರುತ್ತೆ. ಮಧ್ಯದ್ದು ಎರಡು ಬರುತ್ತೆ, ಸ್ವಲ್ಪ ಉಳಿಯುತ್ತೆ.

ಊರಿಗೆ ಹೋಗಿ ಪೇಪರಿನಲ್ಲಿ ಬರೆದು ತೋರಿಸಿದೆ. ಮಾವನಿಗೆ ಮೇಲಿನದ್ದರ ಮೇಲೇ ಕಣ್ಣು. "ನೋಡಪ್ಪ, ದಿನಾ ರಾಡ್ ಹಚ್ಚೋನು ನಾನು. ಒಳ್ಳೇದು ಒಂದು ತಗೊಂಡ್ರೆ ಹತ್ತು ವರ್ಷ ಚಿಂತೆ ಇಲ್ಲ. ಅವನದೇನು, ಹಿಡ್ಕೊಳ್ಳೋದು ತಾನೆ, ಮುಖ ತಿರುಗಿಸ್ಕೊತಾನೆ. ನಾಳೆ ಇನ್ನೂರು ರೂಪಾಯಿ ಜಾಸ್ತಿ ಕೊಡ್ತೀನಿ ಅಂದ್ರೆ ಇನ್ನೊಬ್ರ ಅಂಗಡಿಗೆ ಹೋಗೋನು" ಅಂದ್ರು.

ಇದನ್ನ ಓದಿ ಮಾವನ್ನ ಕೆಟ್ಟವರು ಅಂದ್ಕೊಬೇಡಿ. ಆ ಹುಡುಗನ ರೂಮಿಗೆ ಹೋಗಿ, ಡಾಕ್ಟರ ಹತ್ತಿರ ಕರ್ಕೊಂಡು ಹೋಗಿ, ಎರಡು ದಿನದ ಕೂಲಿಯನ್ನೂ ಕೊಟ್ಟವರು ಅವರೇ. ಸಣ್ಣ ಅಂಗಡಿಯ ಲೆಕ್ಕ ಹಂಗೇ ಇರೋದು. ನಾನು ಏನು ಹೇಳೋದು ಅಂತ ಯೋಚಿಸ್ತಿದ್ದೆ. ಅಷ್ಟರಲ್ಲಿ ಒಳಗಿಂದ ಕಾಫಿ ತಂದ ಅತ್ತೆ, ಲೋಟ ಇಡ್ತಾ, "ಹಿಡ್ಕೊಳ್ಳೋನ್ಗೂ ಇರೋದು ಎರಡೇ ಕಣ್ಣು" ಅಂದ್ರು. ಅಷ್ಟೇ. ಅತ್ತೆ ಒಳಗೆ ಹೋದ್ರು. ಮಾವ ಕಾಫಿ ಕುಡಿದು ಮುಗಿಸೋ ತನಕ ಮಾತಾಡಲಿಲ್ಲ. ಆಮೇಲೆ "ಎರಡೇ ತಗೋ" ಅಂದ್ರು.

ಇನ್ನೊಂದು ವಿಷಯ ಅವತ್ತೇ ಗೊತ್ತಾಯ್ತು. ನಾನು ಬರೆದ ಪೇಪರನ್ನ ಮಾವ ತೋಳು ಪೂರ್ತಿ ಚಾಚಿ ಹಿಡಿದು ಓದಿದ್ರು. ಐವತ್ತೆರಡು ವರ್ಷ. ಹತ್ತಿರದ್ದು ಕಾಣ್ತಿಲ್ಲ. ಇತ್ತೀಚೆಗೆ ಅವರ ವೆಲ್ಡಿನ ಗೆರೆ ಅಂಕುಡೊಂಕಾಗ್ತಿದೆ ಅಂತ ಗಿರಾಕಿಯೊಬ್ಬರು ಹೇಳಿದ್ರಂತೆ. ಅದಕ್ಕೆ ಮಾವ ಹೊಸ ಮಷೀನನ್ನ ಬೈಯ್ತಿದ್ರು. ವೆಲ್ಡಿಂಗ್ ಹೆಲ್ಮೆಟ್ಟಿನೊಳಗೆ ಸಿಕ್ಕಿಸೋ ಭೂತಗನ್ನಡಿ ತುಂಡು ಬರುತ್ತೆ, +1ರಿಂದ +2.5ರ ತನಕ. ಮೇಲೆ ಸುರಕ್ಷತೆ, ವೇಗ, ಬ್ಯಾಟರಿ ಅಂತ ಅಷ್ಟುದ್ದ ಬರೆದ್ನಲ್ಲ, ಮಾವನ ಕೆಲಸವನ್ನ ನೇರ ಮಾಡಿದ್ದು ಕೆಲವೇ ನೂರು ರೂಪಾಯಿಯ ಈ ತುಂಡು. ನಲವತ್ತು ದಾಟಿದವರಿಗೆ ಹೆಲ್ಮೆಟ್ ತಗೊಳ್ಳೋದಾದ್ರೆ ಇದನ್ನ ಸಿಕ್ಕಿಸೋ ಜಾಗ ಒಳಗೆ ಇದೆಯಾ ಅಂತ ಮರೀದೆ ನೋಡಿ.

*

ನಾಲ್ಕು ತಿಂಗಳಾಯ್ತು. ಎರಡು ಹೆಲ್ಮೆಟ್ಟು, ಹತ್ತು ಮುಂದಿನ ಹಾಳೆ, ಒಂದು ಭೂತಗನ್ನಡಿ, ಇಬ್ಬರಿಗೂ ಒಳಗೆ ಹಾಕ್ಕೊಳ್ಳೋಕೆ ಪಾಲಿಕಾರ್ಬೊನೇಟಿನ ತಿಳಿ ಕನ್ನಡಕ. ಗ್ರೈಂಡರ್ ಹಿಡಿದಾಗ, ಸ್ಲ್ಯಾಗ್ ಕುಟ್ಟುವಾಗ ಹೆಲ್ಮೆಟ್ ಎತ್ತಿಬಿಡ್ತಾರಲ್ಲ, ಆಗ ಕಾಯೋಕೆ ಈ ಕನ್ನಡಕ. ರಸ್ತೆ ಕಡೆಗೆ ಒಂದು ಹಳೇ ತಗಡಿನ ಶೀಟು ಮರೆ ಮಾಡಿದ್ದಾರೆ, ಸ್ಕೂಲಿಗೆ ಹೋಗೋ ಮಕ್ಕಳು ನಿಂತು ನೋಡ್ತಾರೆ ಅಂತ.

ಮುಂದಿನ ಹಾಳೆ ಇಲ್ಲಿವರೆಗೆ ಮೂರು ಬದಲಾಗಿದೆ. ಮೊದಲ ವಾರ ಮಾವನಿಗೆ ಕುತ್ತಿಗೆ ನೋವು. ಅರ್ಧ ಕೇಜಿ ಭಾರ ತಲೆ ಮೇಲೆ ಹೊತ್ತು ಅಭ್ಯಾಸ ಇಲ್ವಲ್ಲ, ತಲೆಪಟ್ಟಿ ಹಿಂದೆಮುಂದೆ ಸರಿಸಿ ಹೊಂದಿಸಿದ ಮೇಲೆ ಸರಿಹೋಯ್ತು. ಹಳೇ ಟ್ರಾನ್ಸ್‌ಫಾರ್ಮರ್ ಮಷೀನಿನಲ್ಲಿ ಗಾಜು ಮಿಣಕ್ ಮಿಣಕ್ ಅಂತಿತ್ತು. ಎಸಿ ಕರೆಂಟಿನ ಆರ್ಕು ಸೆಕೆಂಡಿಗೆ ನೂರು ಸಲ ಸೊನ್ನೆಗೆ ಬಂದು ಹೋಗುತ್ತೆ. ಒಳಗಿನ 'ಡಿಲೇ' ಗುಂಡಿಯನ್ನ ಸ್ವಲ್ಪ ಜಾಸ್ತಿ ಕಡೆ ತಿರುಗಿಸಿದ್ರೆ ಗಾಜು ತಿಳಿಯಾಗೋದು ನಿಧಾನ ಆಗಿ ಮಿಣುಕು ನಿಲ್ಲುತ್ತೆ. ಕೊಳ್ಳೋವಾಗ ಈ ಗುಂಡಿ ಇದೆಯಾ ನೋಡ್ಕೊಳ್ಳಿ.

ಹುಡುಗ ಇನ್ನೂ ಅದೇ ಅಂಗಡಿಯಲ್ಲಿದ್ದಾನೆ. ಮೊದಲೆಲ್ಲ ಮುಖ ತಿರುಗಿಸಿ ನಿಲ್ತಿದ್ದೋನು ಈಗ ಹೆಲ್ಮೆಟ್ ಒಳಗಿಂದ ಆರ್ಕನ್ನೇ ನೋಡ್ತಾನೆ. ಕರಗಿದ ಕಬ್ಬಿಣ ಹೆಂಗೆ ಹರಿಯುತ್ತೆ, ರಾಡ್ ಎಷ್ಟು ಓರೆ ಹಿಡೀತಾರೆ, ಎಲ್ಲ ಕಾಣುತ್ತಲ್ಲ. ಹೋದ ತಿಂಗಳು ಒಂದು ಕಿಟಕಿ ಗ್ರಿಲ್ ಪೂರ್ತಿ ಅವನೇ ಮಾಡಿದನಂತೆ. ಮಾವ ಫೋನಿನಲ್ಲಿ "ಗೆರೆ ಪರವಾಗಿಲ್ಲ ಕಣೋ, ನನಗಿಂತ ನೇರ ಐತೆ" ಅಂದ್ರು. ಇಪ್ಪತ್ತೈದು ವರ್ಷದ ಮೇಸ್ತ್ರಿ ಬಾಯಲ್ಲಿ ಇದು ಸಣ್ಣ ಮಾತಲ್ಲ.

ಕೊನೆಗೆ ಒಂದು ವಿನಂತಿ. ನಿಮ್ಮಲ್ಲಿ ಎಷ್ಟೋ ಜನ ಮನೆ ಕಟ್ಟಿಸ್ತಿರ್ತೀರ, ಗೇಟು ಗ್ರಿಲ್ಲು ಮಾಡಿಸ್ತಿರ್ತೀರ. ಮುಂದಿನ ಸಲ ಅಂಗಡಿಗೆ ಹೋದಾಗ ವೆಲ್ಡ್ ಮಾಡೋರನ್ನಷ್ಟೇ ಅಲ್ಲ, ಪಕ್ಕದಲ್ಲಿ ಪಟ್ಟಿ ಹಿಡ್ಕೊಂಡಿರೋರ ಮುಖದ ಮೇಲೆ ಏನಿದೆ ಅಂತ ಒಂದು ಸಲ ನೋಡಿ. ಏನೂ ಇಲ್ಲದಿದ್ರೆ, ಚೌಕಾಸಿ ಮಾಡಿ ಉಳಿಸಬೇಕು ಅಂತಿದ್ದ ಆ ಸಾವಿರ ರೂಪಾಯಿಯನ್ನ ಬಿಟ್ಟುಕೊಟ್ಟು "ಇದರಲ್ಲಿ ಅವನಿಗೊಂದು ಹೆಲ್ಮೆಟ್ ತಗೊಳ್ಳೋಕೆ ಸೇರಿಸ್ಕೊಳ್ಳಿ" ಅಂತ ಹೇಳಿ ನೋಡಿ. ಯಾವ ಗುರುತು ನೋಡಿ ತಗೋಬೇಕು ಅಂತ ಹೇಳೋಕೆ ಈಗ ನಿಮಗೂ ಗೊತ್ತಲ್ಲ :-)

ನಿಮ್ಮೂರಿನ ವರ್ಕ್‌ಶಾಪುಗಳಲ್ಲಿ ಯಾವ ಹೆಲ್ಮೆಟ್ ವರ್ಷಗಟ್ಟಲೆ ಬಾಳಿದೆ, ಅದರ ಮುಂದಿನ ಹಾಳೆ ಎಲ್ಲಿ ಸಿಗುತ್ತೆ ಅಂತ ಗೊತ್ತಿದ್ದವರು ದಯವಿಟ್ಟು ತಿಳಿಸಿ. ಮಾವನ ಹತ್ತಿರ ಇನ್ನು ಏಳೇ ಹಾಳೆ ಉಳಿದಿರೋದು.